ನನ್ನ ಸೀಟಿನ ಕೆಳಗೆ ನೀನು

ನೆಮ್ಮಾರ್
14 ನವೆಂಬರ್ 2024, ಗುರುವಾರ

ಮುದ್ದಿನ ತಮ್ಮ ಯೋಗೇಶನಿಗೆ, ನಿನ್ನ ಪವಿತ್ರಕ್ಕನ ಮನಸ್ಸು ತುಂಬಿದ ಆಶೀರ್ವಾದ.

ಹೇಗಿದ್ದೀಯ ಮಾರಾಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಮೊದಲಿನ ಹಾಗೆ ಚಾ ಕುಡಿದೇ ದಿನ ಕಳೆಯುತ್ತೀಯಾ? ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಕೆಮ್ಮು ಕಡಿಮೆಯಾಗಿದೆ. ಅಪ್ಪ ಈಗ ಮೂಟೆ ಹೊರುವುದಿಲ್ಲ, ಎಸ್ಟೇಟಿನ ಗೇಟು ಕಾಯುತ್ತಾನೆ. ನಿನ್ನ ಫೋನು ಎರಡು ವರ್ಷದಿಂದ ಹತ್ತುವುದಿಲ್ಲ. ಹಾಗಾಗಿ ಮಂಗಳೂರು ವಿಮಾನ ನಿಲ್ದಾಣದ ವಿಳಾಸ ಹಾಕಿ, ಲಗೇಜು ತುಂಬುವ ಯೋಗೇಶನಿಗೆ ತಲುಪಿಸಿ ಎಂದು ಕವರಿನ ಮೇಲೆ ಬರೆಯುತ್ತೇನೆ. ಅದನ್ನು ನೋಡಿ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಸಿಟ್ಟಿನಲ್ಲಿ ಹರಿದು ಹಾಕಬೇಡ, ಪೂರ್ತಿ ಓದು.

ನಾನು ವಿಮಾನ ಹತ್ತಿದೆ ಗೊತ್ತಾ! ಎಸ್ಟೇಟಿನ ಸುಲೋಚನಮ್ಮನವರು ಮಂಡಿಯ ಆಪರೇಷನ್ನಿಗೆಂದು ಮುಂಬೈಯ ಮಗಳ ಮನೆಗೆ ಹೊರಟಾಗ, ನೋಡಿಕೊಳ್ಳಲು ನನ್ನನ್ನು ಕರೆದುಕೊಂಡು ಹೋದರು. ಹೊರಗಿಂದ ಅಷ್ಟು ದೊಡ್ಡ ವಿಮಾನ, ಒಳಗೆ ಹೋದರೆ ನಮ್ಮ ಶೃಂಗೇರಿ ಬಸ್ಸಿನ ಹಾಗೇ ಇಕ್ಕಟ್ಟು. ನಡುವೆ ಒಂದೇ ದಾರಿ, ಆಚೆ ಮೂರು ಸೀಟು, ಈಚೆ ಮೂರು. ಒಬ್ಬರು ಬ್ಯಾಗು ಮೇಲಿಡುತ್ತ ನಿಂತರೆ ಹಿಂದಿನವರೆಲ್ಲ ಕಾಯಬೇಕು. ರೆಕ್ಕೆಯ ಹಿಂದೆ, ಬಲಗಡೆಗೆ ನಮ್ಮ ಜಾಗ. "ಕಿಟಕಿ ಹತ್ರ ನೀನೇ ಕೂತ್ಕೊ ಹೆಣ್ಣೇ, ನಂಗೆ ನೋಡಿ ನೋಡಿ ಸಾಕಾಗಿದೆ" ಎಂದರು ಸುಲೋಚನಮ್ಮ. ಕೂತು ಕೆಳಗೆ ನೋಡಿದರೆ ಅಲ್ಲಿ ನೀನು! ಮಿಂಚುವ ಜಾಕೆಟ್ಟು ಹಾಕಿಕೊಂಡು, ಗಾಡಿಯಿಂದ ಪೆಟ್ಟಿಗೆ ಎತ್ತಿ ಎತ್ತಿ, ವಿಮಾನದೊಳಗೆ ಸಾಗಿಸುವ ಬೆಲ್ಟಿನ ಮೇಲೆ ಹಾಕುತ್ತಿದ್ದೆ. ಭಾರ ಎತ್ತುವ ಮುಂಚೆ ಎಡ ಹೆಗಲು ಕುಣಿಸುವವರು ಅಪ್ಪನನ್ನು ಬಿಟ್ಟರೆ ನೀನೊಬ್ಬನೇ. ಕಿಟಕಿ ಬಡಿದೆ, ನಿನಗೆ ಕೇಳಿಸಲಿಲ್ಲ. ಆಮೇಲೆ ನೀನು ಬೆಲ್ಟು ಹತ್ತಿ, ಬಗ್ಗಿಕೊಂಡು ವಿಮಾನದ ಹೊಟ್ಟೆಯೊಳಗೆ ಹೋದೆ. ಪೆಟ್ಟಿಗೆ ಜೋಡಿಸುವ ಸದ್ದು ನನ್ನ ಕಾಲಡಿಯಲ್ಲೇ ಧಡ್ ಧಡ್ ಎನ್ನುತ್ತಿತ್ತು. ಎರಡು ವರ್ಷದಿಂದ ಸುದ್ದಿಯೇ ಇಲ್ಲದ ತಮ್ಮ ನನ್ನ ಸೀಟಿನ ಕೆಳಗಿದ್ದಾನೆ, ಏನು ಮಾಡಲಿ? ಕಾಲಿನಿಂದ ನೆಲ ಗುದ್ದಿದೆ. ವಿಮಾನದ ಹುಡುಗಿ ಓಡಿ ಬಂದಳು. "ಕೆಳಗೆ ನನ್ನ ತಮ್ಮ ಇದಾನೆ, ಒಂದ್ನಿಮಿಷ ಇಳಿದು ಬರ್ತೀನಿ" ಎಂದೆ. ಬಾಗಿಲು ಹಾಕಿ ಆಗಿತ್ತು. "ಫೋನ್ ಮಾಡಿ ಮಾತಾಡಿ ಮೇಡಂ" ಎಂದಳು, ಪಾಪ. ಯಾವ ನಂಬರಿಗೆ ಮಾಡಲಿ? ವಿಮಾನ ಹಿಂದಕ್ಕೆ ಸರಿಯುವಾಗ ನೀನು ಖಾಲಿ ಗಾಡಿಯ ಅಂಚಿನಲ್ಲಿ ಕೂತು ನೀರು ಕುಡಿಯುತ್ತಿದ್ದೆ. ಒಂದು ಸಲವೂ ಮೇಲೆ ನೋಡಲಿಲ್ಲ. ಮೋಡ ಕಂಡದ್ದು, ಸಮುದ್ರ ಕಂಡದ್ದು ಎಲ್ಲ ಸುಲೋಚನಮ್ಮ ಹೇಳಿಯೇ ನನಗೆ ಗೊತ್ತು. ನಾನು ಅಳುತ್ತಿದ್ದೆ.

ಊರು ಬಿಟ್ಟ ಹೊಸದರಲ್ಲಿ ನೀನು ಫೋನು ಮಾಡಿದಾಗೆಲ್ಲ ಟೈ ಕಟ್ಟಿಕೊಂಡು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂರುತ್ತೇನೆ ಎನ್ನುತ್ತಿದ್ದೆ. "ನಮ್ಮನ್ನ ಯಾವಾಗ ವಿಮಾನ ಹತ್ತಿಸ್ತೀಯ ಮಾರಾಯ" ಎಂದು ನಾನು ಪ್ರತಿ ಸಲ ಕಾಲೆಳೆಯುತ್ತಿದ್ದೆ. ಆ ತಮಾಷೆ ನಿನಗೆ ಎಷ್ಟು ಚುಚ್ಚಿತೋ ಏನೋ. ಹೊರಡುವ ದಿನ ಅಪ್ಪನ ಎದುರು ನಿಂತು "ನಿನ್ನ ಹಂಗೆ ಮೂಟೆ ಹೊತ್ತು ಸಾಯಲ್ಲ ನಾನು" ಎಂದಿದ್ದೆಯಲ್ಲ, ಆ ಮಾತಿನ ನಾಚಿಕೆಗೇ ಮನೆಗೆ ಬರುತ್ತಿಲ್ಲ ಎಂದು ಅವತ್ತು ಕಿಟಕಿಯಲ್ಲಿ ನೋಡಿದ ಮೇಲೆ ನನಗೆ ಅರ್ಥವಾಯಿತು. ದುಡಿಯುವುದರಲ್ಲಿ ನಾಚಿಕೆ ಎಂತದೋ, ಹುಚ್ಚ! ವಾಪಸು ಬರುವಾಗ ಮಂಗಳೂರಿನಲ್ಲಿ ಇಳಿದು ನಿನ್ನನ್ನು ವಿಚಾರಿಸಿದೆ. ಸಂಜೆ ಪಾಳಿಗೆ ಬರುತ್ತಾನೆ ಎಂದರು. ಹೊರಗೆ ಕಾರು ಕಾಯುತ್ತಿತ್ತು, ಆಪರೇಷನ್ ಆದವರನ್ನು ಸಂಜೆವರೆಗೆ ಅಲ್ಲಿ ಕೂರಿಸಿಕೊಳ್ಳಲು ಮನಸ್ಸು ಬರಲಿಲ್ಲ. ಕಾರ್ಕಳ ದಾಟಿ ಘಾಟಿ ಹತ್ತುವವರೆಗೂ ಇಳಿದು ಬಸ್ಸು ಹಿಡಿಯಲೇ ಎಂದುಕೊಳ್ಳುತ್ತಲೇ ಇದ್ದೆ. ಇಳಿಯಲಿಲ್ಲ. ಇಳಿಯಬೇಕಿತ್ತು ಯೋಗೇಶ. ಅದೊಂದು ಕೊರಗು ನನ್ನನ್ನು ಬಿಡುತ್ತಿಲ್ಲ.

ಮನೆಯಲ್ಲಿ ಎಲ್ಲ ಹೇಳಿದೆ. ನೀನು ಗಟ್ಟಿಮುಟ್ಟಾಗಿದ್ದೀಯ ಎಂದದ್ದಕ್ಕೇ ಅಮ್ಮ ದೇವರಿಗೆ ದೀಪ ಹಚ್ಚಿದಳು. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ. ಅವನ ಸಿಟ್ಟು ನಿನಗೆ ಗೊತ್ತಲ್ಲ, ನಾನೂ ಕೆದಕಲು ಹೋಗಲಿಲ್ಲ.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದುಕೋ. ಒಂದು ಮಿಸ್ಡ್ ಕಾಲ್ ಆದರೂ ಕೊಡು, ನನ್ನ ನಂಬರು ಹಳೆಯದೇ.

ನಿನ್ನ ದಾರಿ ನೋಡುವ ಅಕ್ಕ,
ಪವಿತ್ರಾ

ತಡಿ, ಇದೊಂದು ಸೇರಿಸುತ್ತೇನೆ. ಕವರು ಅಂಟಿಸಬೇಕು ಎನ್ನುವಾಗ ಅಪ್ಪ ಬಂದು ಪಕ್ಕದಲ್ಲಿ ಕೂತ. ಯಾರಿಗೆ ಎಂದು ಕೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನಿನ್ನ ವಿಷಯ ಬಾಯಿ ಬಿಟ್ಟ. ಅವನು ಹೇಳಿದ್ದನ್ನು ಹಾಗೇ ಬರೆದಿದ್ದೇನೆ: "ಸೊಂಟ ನೋವು ಉಂಟಾ ಕೇಳು ಅವಂಗೆ. ಸೊಂಟ ಬಗ್ಗಿಸಿ ಎತ್ತಬಾರ್ದು, ಮಂಡಿ ಬಗ್ಗಿಸಿ ಎತ್ಬೇಕು. ಬರ್ದ್ರೆ ಗೊತ್ತಾಗಲ್ಲ ಅದು. ಒಂದ್ಸಲ ಬರೋಕೆ ಹೇಳು, ನಾನೇ ತೋರಿಸ್ಕೊಡ್ತೀನಿ."