ಪೂಜೆಗೆ ಕುಳಿತ ಚಿತ್ರ

ಓಲ್ಡ್ ಟೌನ್, ಭದ್ರಾವತಿ
ಗುರುವಾರ, 14 ಆಗಸ್ಟ್ 2008

ಪ್ರೀತಿಯ ನಿಮಗೆ,

ಜಗದಾಂಬಾಳ ನಮಸ್ಕಾರ. ಆರೋಗ್ಯ ಹೇಗಿದೆ? ಬೆನ್ನುನೋವು ಇಳಿಯಿತೇ? ಕ್ಯಾಂಪಿನಲ್ಲಿ ನೀರು ಕುದಿಸಿಕೊಳ್ಳಲು ಬಿಡುತ್ತಾರೋ ಇಲ್ಲವೋ ತಿಳಿಯದು. ಬಿಟ್ಟರೆ ಕುದಿಸಿಯೇ ಕುಡಿಯಿರಿ. ಭಾನುವಾರ ನೀವು ಫೋನ್ ಮಾಡಿದಾಗ ನಿಮ್ಮ ಹಿಂದೆ ಸಾಲಿನಲ್ಲಿ ನಿಂತ ಜವಾನರ ಮಾತು ನನಗೂ ಕೇಳುತ್ತಿತ್ತು. "ಸ್ಟ್ಯಾಂಡ್‌ಬೈ ತೆಗೆದ್ಯಾ? ನಂಬರ್ ಸರಿ ಇದ್ಯಾ?" ಎಂದು ಕಂಪ್ಯೂಟರಿನ ಬಗ್ಗೆ ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಹೋಯಿತು. ಇಲ್ಲಿಂದ ನಾನು ನಿಮಗೆ ಮಾಡುವಂತಿಲ್ಲ, ಅಲ್ಲಿಂದ ನಿಮ್ಮ ಸರದಿ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೂ ಈಗ ಹೇಳಬೇಕಾದದ್ದು ಆ ಲೈನಿನಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಈ ಪತ್ರ.

ಅತ್ತೆ ಕ್ಷೇಮವಾಗಿದ್ದಾರೆ. ಮುಂದಿನದನ್ನು ಓದುವಾಗ ನೀವು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಬರೆಯುತ್ತಿದ್ದೇನೆ. ಆದರೆ ನೀವು ಬಿಟ್ಟುಹೋದ ವ್ಯವಸ್ಥೆಯನ್ನು ನಂಬಿಕೊಂಡು ಅವರನ್ನು ಒಬ್ಬಳೇ ನೋಡಿಕೊಳ್ಳುವುದು ನನ್ನಿಂದ ಆಗುತ್ತದೆಯೇ ಎಂಬುದು ನನಗೆ ಈಗ ತಿಳಿಯುತ್ತಿಲ್ಲ. ಆಗಿರುವುದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ. ನೀವು ವೈರ್‌ಲೆಸ್ ವಿಭಾಗದವರು, ನಡುವೆ ಒಂದು ಬಿಟ್ಟರೂ "ಅದನ್ಯಾಕೆ ಹೇಳ್ಲಿಲ್ಲ" ಎನ್ನುತ್ತೀರಿ.

ಅತ್ತೆಯ ಕೋಣೆಯಲ್ಲಿ ಹಳೆಯ ಕಂಪ್ಯೂಟರ್, ಅದರ ತಲೆಯ ಮೇಲೆ ಕ್ಯಾಮೆರಾ. ಬೀದಿಗೆ ತೆರೆಯುವ ಕೋಣೆಯಲ್ಲಿ ನನ್ನ ಕೆಲಸದ ಹೊಸ ಕಂಪ್ಯೂಟರ್. ನಾನು ಆಹ್ವಾನ ಪತ್ರಿಕೆ ಟೈಪ್ ಮಾಡುತ್ತಲೇ ಪರದೆಯ ಮೂಲೆಯಲ್ಲಿ ಅತ್ತೆಯನ್ನು ನೋಡುತ್ತಿರಬಹುದು. ಅವರಿಗೆ ಮರೆವು ಹೆಚ್ಚಾದ ಮೇಲೆ ನಿಮಗೆ ಹೊಳೆದ ಈ ಉಪಾಯಕ್ಕೆ ನಾನು ಆಗ ಎಷ್ಟು ಸಂತೋಷಪಟ್ಟಿದ್ದೆನೆಂದು ನಿಮಗೆ ಗೊತ್ತು. ಗಿರಾಕಿಗಳು ಚಪ್ಪಲಿ ಹಾಕಿಕೊಂಡು ಓಡಾಡುವ ಕೆಲಸವನ್ನು ಅವರ ಪೂಜೆಯ ಕೋಣೆಗೆ ಒಯ್ಯುವಂತಿರಲಿಲ್ಲ, ಅವರನ್ನು ಬೀದಿ ಬಾಗಿಲಿಗೆ ತಂದು ಕೂರಿಸುವಂತೆಯೂ ಇರಲಿಲ್ಲ. ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ದಿನ ಮಾತ್ರ ಪರದೆಯೆಲ್ಲ ಮಂಜು ಕವಿದಂತಾಯಿತು. ಹೋಗಿ ನೋಡಿದರೆ ಅತ್ತೆ ಕಂಪ್ಯೂಟರಿಗೆ ಮೂರು ಬೆರಳಿನಲ್ಲಿ ವಿಭೂತಿ ಹಚ್ಚಿ, ಕ್ಯಾಮೆರಾಕ್ಕೂ ಹಚ್ಚಿದ್ದರು. "ನಮ್ಮ ಪ್ರಸನ್ನ ತಂದಿಟ್ಟಿದ್ದು, ಬರೀ ಹಣೇಲಿ ಬಿಡಕ್ಕಾಗುತ್ತಾ?" ಎಂದರು. ಒರೆಸುವಾಗ ನಗು ಬಂತು. ಈ ಕಂಪ್ಯೂಟರುಗಳ ವಿಷಯದಲ್ಲಿ ನಾನು ನಕ್ಕದ್ದು ಅದೇ ಕೊನೆ.

ನೀವು ಹೋದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಎರಡನ್ನೂ ನಾನೇ ಮತ್ತೆ ಶುರು ಮಾಡಿದೆ. ಹಳೆಯದನ್ನು ಲಾಗಿನ್ ಆಗುವಾಗ ನಿಮ್ಮ ಹೆಸರಿನಲ್ಲಿ ತೆರೆಯಬೇಕಿತ್ತು, ನನ್ನ ಹೆಸರಿನಲ್ಲಿ ತೆರೆದೆ. ಅದು ಸ್ಟ್ಯಾಂಡ್‌ಬೈಗೆ ಹೋಗದಂತೆ ನೀವು ಮಾಡಿಟ್ಟಿದ್ದು ನಿಮ್ಮ ಹೆಸರಿನಲ್ಲಿ ಮಾತ್ರ ಉಳಿದಿತ್ತು. ನನ್ನ ಹೆಸರಿನಲ್ಲಿ ಅದು ಯಾರೂ ಮುಟ್ಟದಿದ್ದರೆ ತನ್ನಷ್ಟಕ್ಕೆ ನಿದ್ದೆ ಹೋಗುತ್ತದೆ. ಅತ್ತೆಯ ಕೋಣೆಯಲ್ಲಿ ಅದನ್ನು ಮುಟ್ಟುವವರು ಯಾರು? ಇದನ್ನು ಕಂಡುಹಿಡಿಯಲು ನನಗೆ ಬಹಳ ದಿನ ಹಿಡಿಯಿತು. ತೆಗೆದೆ. ಆಮೇಲೆ, ಹೊಸದು ಹಳೆಯದನ್ನು ಹುಡುಕಿಕೊಳ್ಳುವ ಐಪಿ ಸಂಖ್ಯೆಯ ಕಾಟ ಶುರುವಾಯಿತು. ಕರೆಂಟ್ ಹೋಗಿ ಬಂದಾಗ ಯಾವುದು ಮೊದಲು ಏಳುತ್ತದೋ ಅದಕ್ಕೆ ಮೋಡೆಮ್ ಮೊದಲ ಸಂಖ್ಯೆ ಕೊಡುತ್ತದೆ. ನೀವು ಕಾಗದದಲ್ಲಿ ಬರೆದು ಅಂಟಿಸಿದ ಸಂಖ್ಯೆ ಹಳೆಯ ಕಂಪ್ಯೂಟರಿನದು. ಹೊಸದು ಚುರುಕಾಗಿ ಎದ್ದು ಅದನ್ನು ಕಸಿದುಕೊಳ್ಳುತ್ತದೆ. ಕೆಲವು ಸಲ ಹಳೆಯದು ಮೋಡೆಮನ್ನು ಕೇಳುವ ಗೋಜಿಗೇ ಹೋಗದೆ 169ರಿಂದ ಶುರುವಾಗುವ ಯಾವುದೋ ಸಂಖ್ಯೆಯನ್ನು ತಾನೇ ಇಟ್ಟುಕೊಂಡು ಕೂರುತ್ತದೆ. ಆಗ ಹೊಸದು ಎಷ್ಟು ಕೂಗಿದರೂ ಅದು ಓಗೊಡುವುದಿಲ್ಲ. ನಿಮ್ಮ ಸಂಖ್ಯೆಯನ್ನೇ ಹಳೆಯದಕ್ಕೆ ಕೈಯಾರೆ ಹಾಕಿ ನೋಡಿದೆ. ಒಂದೇ ಸಂಖ್ಯೆ ಇಬ್ಬರಿಗಿದೆಯೆಂದು ಎರಡೂ ತಕರಾರು ತೆಗೆದವು. ಕೆಲಸ ಬಿಟ್ಟು ಆ ಕೋಣೆಗೂ ಈ ಕೋಣೆಗೂ ತಿರುಗುವ ನನ್ನನ್ನು ನೋಡಿ ಅತ್ತೆ, "ಏನು ಕಳ್ಕೊಂಡಿದ್ದೀಯೇ?" ಎಂದು ತಾವೂ ಮಂಚದ ಕೆಳಗೆ ಹುಡುಕತೊಡಗಿದರು.

ಇನ್ನೊಂದು. ಹಳೆಯದರಲ್ಲಿ ಈ ನಿದ್ದೆಯ ಹೆಸರು ಸ್ಟ್ಯಾಂಡ್‌ಬೈ, ಹೊಸದರಲ್ಲಿ ಸ್ಲೀಪ್. ಎರಡೂ ಒಂದೇ ಎಂದು ನೀವು ಹಿಂದೊಮ್ಮೆ ಹೇಳಿದ್ದಿರಿ. ಒಂದೇ ಅಲ್ಲ. ಹಳೆಯದು ನಿದ್ದೆ ಹೋದರೆ ಕ್ಯಾಮೆರಾ ಸಹಿತ ಎಲ್ಲ ನಿಲ್ಲುತ್ತದೆ, ಎದ್ದ ಮೇಲೆ ತನ್ನ ಸಂಖ್ಯೆ ಅದಕ್ಕೆ ನೆನಪಿರುವುದಿಲ್ಲ. ಹೊಸದು ನಿದ್ದೆಯಿಂದ ಏಳುವಾಗ ಮಲಗುವ ಮುಂಚೆ ಏನು ನೋಡುತ್ತಿತ್ತೋ ಅದನ್ನೇ ಮುಂದಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಯಾವುದೆಂದರೆ, ಹಳೆಯದರಿಂದ ಚಿತ್ರ ಬರುವುದು ನಿಂತುಹೋದರೂ ಹೊಸದರ ಪರದೆ ಖಾಲಿಯಾಗುವುದಿಲ್ಲ. ಕೊನೆಗೆ ಬಂದ ಚಿತ್ರ ಅಲ್ಲೇ ಇರುತ್ತದೆ.

ಈಗ ಸೋಮವಾರದ್ದನ್ನು ಬರೆಯಬೇಕು. ಶ್ರಾವಣ ಸೋಮವಾರ. ಅತ್ತೆ ಸ್ನಾನ ಮುಗಿಸಿ ಪೂಜೆಗೆ ಕುಳಿತರು. ಅವರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ ರೆಪ್ಪೆ ಕೂಡ ಅಲುಗುವುದಿಲ್ಲ, ಅದು ನಿಮಗೆ ಚಿಕ್ಕಂದಿನಿಂದ ಗೊತ್ತು. ಎಲ್ಲವನ್ನೂ ಮರೆತರೂ ಇದನ್ನು ಅವರು ಮರೆತಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ, ಬಾಗಿಲಲ್ಲಿ ನೆರಳೂ ಬೀಳದಂತೆ ನಡೆಯುತ್ತೇವೆ. ಸೋಮವಾರ ಪೂಜೆ ಇನ್ನೂ ದೀರ್ಘ. ನಾನು ಪರದೆಯ ಮೂಲೆಯಲ್ಲಿ ನೋಡಿದೆ, ಕುಳಿತಿದ್ದರು. ಕೆಲಸ ಮಾಡಿದೆ. ಮತ್ತೆ ನೋಡಿದೆ, ಕುಳಿತಿದ್ದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಲಿತ ಮರ್ಯಾದೆಯೇ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತು. ಬೇರೆ ಯಾವ ಮನೆಯಲ್ಲಾದರೂ ಮುದುಕಿಯೊಬ್ಬಳು ಅಷ್ಟು ಹೊತ್ತು ಅಲ್ಲಾಡದೆ ಕುಳಿತಿದ್ದರೆ ಓಡಿಹೋಗಿ ನೋಡುತ್ತಿದ್ದರು.

ಆಗ ಮೂರ್ತಪ್ಪನವರು ಗೃಹಪ್ರವೇಶದ ಕಾರ್ಡಿನ ಕರಡು ನೋಡಲು ಬಂದರು. ಪಕ್ಕದ ಬೀದಿಯ ಬಟ್ಟೆ ಅಂಗಡಿಯವರು, ನಿಮಗೆ ಪರಿಚಯವೇ. ಕುಳಿತವರೇ, "ಏನಮ್ಮಾ, ಸುಭದ್ರಮ್ಮೋರನ್ನ ಒಬ್ರನ್ನೇ ಬಸ್ ಹತ್ಸಿದೀರಲ್ಲ? ಶಿವಮೊಗ್ಗದ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ರು" ಎಂದರು. ನಾನು, "ಇಲ್ಲ ಮೂರ್ತಪ್ಪನೋರೇ, ಬೇರೆ ಯಾರೋ ಇರಬೇಕು. ಅವರು ಪೂಜೇಲಿದಾರೆ" ಎಂದೆ. "ನನ್ ಕಣ್ಣಾರೆ ಕಂಡೆ ಕಣಮ್ಮ, ಕೈ ಬೇರೆ ಮುಗಿದೆ. ಗುರುತು ಹಿಡೀಲಿಲ್ಲ ಅಷ್ಟೇ." ನನಗೆ ಸ್ವಲ್ಪ ಸಿಟ್ಟೇ ಬಂತು. ಪರದೆಯನ್ನು ಅವರ ಕಡೆ ತಿರುಗಿಸಿ, "ನೋಡಿ, ಈಗ ಈ ಕ್ಷಣ ಒಳಗೆ ಕೂತಿದಾರೆ. ನಮ್ಮನೆಯವರು ಎಲ್ಲ ವ್ಯವಸ್ಥೆ ಮಾಡಿಟ್ಟು ಹೋಗಿದಾರೆ" ಎಂದೆ. ಅವರು ಕನ್ನಡಕ ಏರಿಸಿ ನೋಡಿದರು. "ಹೌದಲ್ಲ ಮಾರಾಯ್ತಿ! ನನಗೂ ವಯಸ್ಸಾಯ್ತು ಹಂಗಾದ್ರೆ" ಎಂದು ನಕ್ಕು, ಕರಡಿನಲ್ಲಿ ತಮ್ಮ ಬೀಗರ ಹೆಸರು ತಿದ್ದಿಸಿ ಹೊರಟುಹೋದರು. ನೀವು ಇದನ್ನು ಎರಡು ಸಲ ಓದಬೇಕೆಂದು ಕೇಳುತ್ತೇನೆ. ಕಣ್ಣಾರೆ ಕಂಡ ಮನುಷ್ಯ ಎದುರಿಗೆ ಬಂದು ಹೇಳಿದರೂ ನಾನು ಚಿತ್ರವನ್ನು ನಂಬಿದೆ, ಅವರನ್ನೂ ನಂಬಿಸಿದೆ.

ಊಟಕ್ಕೆ ಕರೆಯಲು ಹೋದಾಗ ಕೋಣೆ ಖಾಲಿಯಿತ್ತು. ವಿಭೂತಿ ಬಟ್ಟಲು ತೆರೆದೇ ಇತ್ತು. ಹಿಂದಿನ ಬಾಗಿಲ ಅಗಳಿ ತೆಗೆದಿತ್ತು. ಹಳೆಯ ಕಂಪ್ಯೂಟರ್ ನಿದ್ದೆಯಲ್ಲಿತ್ತು. ಬೆಳಿಗ್ಗೆ ಅವಸರದಲ್ಲಿ ಅದನ್ನು ಮೂರನೆಯ ಹೆಸರಿನಲ್ಲಿ, ಅತಿಥಿಗಳಿಗೆಂದು ಇರುವುದರಲ್ಲಿ ತೆರೆದಿದ್ದೆನೆಂದು ಆಮೇಲೆ ಗೊತ್ತಾಯಿತು. ಶಿವಮೊಗ್ಗದಲ್ಲಿರುವ ನಿಮ್ಮ ತಂಗಿ ರಶ್ಮಿಗೆ ಫೋನ್ ಮಾಡಿದೆ. ಸವಳಂಗ ರಸ್ತೆಯಲ್ಲಿ ನೋಡೋಣ ಎಂದು ಅವಳಿಗೇ ಹೊಳೆಯಿತು. ಮದುವೆಯಾದ ಹೊಸದರಲ್ಲಿ ಮಾವನವರ ಜೊತೆ ಅತ್ತೆ ಅಲ್ಲೇ ಬಾಡಿಗೆಗೆ ಇದ್ದರಲ್ಲ. ಬಸ್ಸಿನಲ್ಲಿ ನಾನು ಹೇಗೆ ಕುಳಿತಿದ್ದೆನೆಂದು ಬರೆಯುವುದಿಲ್ಲ. ಆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅದರ ಮೆಟ್ಟಿಲ ಮೇಲೆ ಅತ್ತೆ ಕುಳಿತಿದ್ದರು. ಅಂಗಡಿಯವರು ಚಹಾ ತರಿಸಿಕೊಟ್ಟಿದ್ದರು. "ಯಾವೂರಜ್ಜಿ ಅಂದ್ರೆ ಇದೇ ನಮ್ಮನೆ, ನಮ್ಮ ಯಜಮಾನ್ರು ಉಜ್ಜನಪ್ಪೋರ ಮನೆ, ನೀವ್ಯಾಕಪ್ಪ ರೋಲಿಂಗ್ ಶಟರ್ ಹಾಕ್ಸಿದೀರಿ ಅಂತ ನಮ್ಮನ್ನೇ ಬೈತಾರೆ ಮೇಡಂ" ಎಂದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನೆಯವಳಮ್ಮ ನೀನು? ಒಳಗೆ ಕರೆಯೋಣ ಅಂದ್ರೆ ಅವರಿನ್ನೂ ಬಂದಿಲ್ಲ" ಎಂದರು. ಅವರ ಎಡಗೈ ಮುಷ್ಟಿ ಬಿಗಿದಿತ್ತು. ರಶ್ಮಿ ಎಷ್ಟು ಹೇಳಿದರೂ ಬಿಚ್ಚಲಿಲ್ಲ. ಮನೆಗೆ ಬಂದು ಮಣೆಯ ಮೇಲೆ ಕುಳಿತ ಮೇಲೆ ತಾವಾಗಿ ಬಿಚ್ಚಿದರು. ಲಿಂಗ ಕೈಯಲ್ಲೇ ಇತ್ತು. ಪೂಜೆಯ ನಡುವೆ ಎದ್ದವರು ಅದನ್ನು ಹಾಗೆಯೇ ಹಿಡಿದುಕೊಂಡು ಅಷ್ಟು ದೂರ ಹೋಗಿ ಬಂದಿದ್ದರು.

ರಶ್ಮಿ ನನಗೆ, "ಅಮ್ಮನ್ನ ಕಂಪ್ಯೂಟರಿಗೆ ಒಪ್ಪಿಸಿ ನೀವು ಕಾರ್ಡ್ ಹೊಡೀತಾ ಕೂತಿದ್ರಾ ಅತ್ತಿಗೆ?" ಎಂದಳು. ಹೆದರಿದ್ದಳು, ಅದಕ್ಕೆ ಅಂದಳು. ನನಗೆ ಅವಳ ಮೇಲೆ ಬೇಸರವಿಲ್ಲ. ಅವಳೂ ಶಾಲೆಗೆ ಪಾಠ ಮಾಡಲು ಹೋಗುವವಳು, ಹಗಲು ಅವಳ ಮನೆಗೆ ಬೀಗ. ಮಂಗಳವಾರ ನಾನು ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಅತ್ತೆ ಬಾಗಿಲು ಬಡಿಯುತ್ತಾ, "ನಾನೇನು ಕದ್ದಿದೀನೇ? ಯಾಕೆ ಕೂಡಿ ಹಾಕಿದೀಯಾ?" ಎಂದು ಅತ್ತರು. ತೆಗೆದೆ. ತೆಗೆದು ಅಡುಗೆಮನೆಯ ನೆಲದ ಮೇಲೆ ಬಹಳ ಹೊತ್ತು ಕುಳಿತುಬಿಟ್ಟೆ. ಅಂದಿನಿಂದ ಒಂದು ಸಾಲು ಟೈಪ್ ಮಾಡುವುದು, ಎದ್ದುಹೋಗಿ ನೋಡುವುದು. ಪರದೆಯಲ್ಲಿ ಅವರು ಕಾಣದಿದ್ದರೆ ಭಯ, ಕಂಡರೆ ಇನ್ನೂ ಭಯ. ಅನುವಾದದ ಕಾದಂಬರಿಗಳನ್ನು ಓದುವಾಗ, ಹಿಮ ಬೀಳುವ ದೇಶದ ಹೆಂಗಸರು ಇಷ್ಟುದ್ದದ ಪತ್ರಗಳನ್ನು ಯಾಕೆ ಬರೆಯುತ್ತಿದ್ದರೆಂದು ನನಗೆ ಆಶ್ಚರ್ಯವಾಗುತ್ತಿತ್ತು. ಈಗ ಆಗುವುದಿಲ್ಲ.

ನೀವು ಬರೆದು ತಿಳಿಸಬೇಕಾದದ್ದು: ಹಳೆಯದರ ಸಂಖ್ಯೆ ಕರೆಂಟ್ ಹೋಗಿ ಬಂದರೂ ಬದಲಾಗದಂತೆ, ಹೊಸದು ಅದನ್ನು ಕಸಿಯದಂತೆ ಹೇಗೆ ಮಾಡುವುದು. ಯಾವ ಹೆಸರಿನಲ್ಲಿ ತೆರೆದರೂ ಅದು ನಿದ್ದೆ ಹೋಗದಂತೆ ಏನು ಮಾಡಬೇಕು. ಚಿತ್ರ ಬರುವುದು ನಿಂತ ಕೂಡಲೇ ಪರದೆ ಕಪ್ಪಾಗುವಂತೆ ಮಾಡಲು ಸಾಧ್ಯವೇ. ದಯವಿಟ್ಟು ಒಂದೊಂದನ್ನೂ ಬಿಡಿಸಿ ಬರೆಯಿರಿ, ನಾನು ಅಕ್ಷರ ತಪ್ಪದೆ ಮಾಡುತ್ತೇನೆ.

ನಿಮ್ಮ ಸಿಹಿಗುಂಬಳದ ಬಳ್ಳಿ ಹಿತ್ತಿಲ ಗೋಡೆ ಹತ್ತಿದೆ. ಅತ್ತೆಯ ಆಶೀರ್ವಾದ ನಿಮ್ಮ ಮೇಲಿರಲಿ. ನಿಮ್ಮ ಹೆಸರು ನೆನಪಿರುವ ಹೊತ್ತಿನಲ್ಲೆಲ್ಲ ಅವರು ಅದನ್ನು ತಪ್ಪದೆ ಹೇಳುತ್ತಾರೆ. ಜೋಪಾನ.

ನಿಮ್ಮ,
ಜಗದಾಂಬಾ

ಮ.ಪ.: ಇವತ್ತು ಹದಿನೈದು, ಪೋಸ್ಟಾಫೀಸಿಗೆ ರಜೆ. ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಕೇಳಿದ ಯಾವುದನ್ನೂ ಬರೆದು ಕಳಿಸಬೇಡಿ. ರಜೆಗೆ ಅರ್ಜಿ ಹಾಕಿ, ಕೊಡದಿದ್ದರೆ ಇತ್ತ ಕಡೆ ವರ್ಗಕ್ಕೆ ಹಾಕಿ, ಸಾಹೇಬರಿಗೆ ಬೇಕಾದರೆ ಈ ಪತ್ರವನ್ನೇ ಓದಿಸಿ. ಈಗ ತಾನೇ ನಾನು ಹೊಸ ಕಂಪ್ಯೂಟರಿನ ಮುಂದೆ ಇದ್ದೆ. ಅತ್ತೆ ಪರದೆಯಲ್ಲಿ ಪೂಜೆಗೆ ಕುಳಿತಿದ್ದರು. ನೋಡಿ ಬರೋಣವೆಂದು ಏಳುವಾಗ ನನ್ನ ಹಿಂದೆಯೇ ನಿಂತಿದ್ದರು. ನನ್ನ ಭುಜ ಹಿಡಿದು ಬಗ್ಗಿ, ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಯಾರೇ ಈ ಅಜ್ಜಿ? ಪಾಪ, ಒಬ್ಳೇ ಕೂತಿದಾಳೆ. ಇವಳಿಗೆ ತನ್ನೋರು ಅಂತ ಯಾರೂ ಇಲ್ವಾ?" ಎಂದು ಕೇಳಿದರು. ಮಗ ಇದ್ದಾನೆ ಎಂದೆ. "ಹಂಗಾದ್ರೆ ಬರಕ್ಕೆ ಹೇಳು ಮಾರಾಯ್ತಿ" ಎಂದರು. ಹೇಳುತ್ತಿದ್ದೇನೆ.