ಎಂಟು ಚುಕ್ಕಿಯಲ್ಲಿ ಹಿಡಿಸದ ಅಕ್ಷರ

ಸಾಗರ
ಕಾರ್ತಿಕ ಮಾಸ, ೧೯೮೯

ಪೂಜ್ಯ ಮಾಸ್ತಪ್ಪಣ್ಣನವರಿಗೆ ಸರೋಜ ಮಾಡುವ ನಮಸ್ಕಾರಗಳು.

ನೀವು ಪ್ರೆಸ್ಸು ಬಿಟ್ಟು ಹೋಗಿ ವರ್ಷದ ಮೇಲಾಯಿತು. ಇಷ್ಟು ದಿನ ಒಂದು ಕಾರ್ಡನ್ನೂ ಬರೆಯದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಕ್ಷೇಮ ಸಮಾಚಾರಕ್ಕೆ ಬರೆದದ್ದಲ್ಲ. ನೀವು ಹೊತ್ತುಕೊಂಡು ಹೋದ ತಪ್ಪು ನನ್ನದು. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಕೂತೆ. ನಾಲ್ಕು ಸಾಲು ಹಿಡಿಯಿತು.

ಯಜಮಾನ ಸುಬ್ಬರಾಯರು ಪ್ರೆಸ್ಸಿಗೆ ಕಂಪ್ಯೂಟರ್ ತರಿಸಿದ ವಾರ ನಿಮಗೆ ನೆನಪಿದೆಯಲ್ಲ? ಶಿವಮೊಗ್ಗದ ಅಂಗಡಿಯವನು ಎರಡು ಕಾರ್ಡು, ಎರಡು ಪರದೆ ತಂದಿಟ್ಟು, "ಒಂದು ವಾರ ಎರಡನ್ನೂ ಹಾಕಿ ನೋಡಿ, ಬೇಕಾದ್ದು ಇಟ್ಕಳಿ" ಎಂದು ಹೋಗಿದ್ದ. ಪರದೆಯ ಮೇಲೆ ಅಕ್ಷರ, ಚಿತ್ರ ಮೂಡಿಸುವುದೇ ಆ ಕಾರ್ಡಿನ ಕೆಲಸ ಎಂದು ನಾನು ಆರು ತಿಂಗಳ ಕೋರ್ಸಿನ ಜಂಬದಲ್ಲಿ ನಿಮಗೆ ವಿವರಿಸಿದ್ದೆ. ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ ನೀವು ಕೈ ಕಟ್ಟಿಕೊಂಡು, ಶಾಲೆಗೆ ಸೇರಿದವರ ಹಾಗೆ ಕೇಳಿಸಿಕೊಂಡಿರಿ.

ಎರಡನ್ನೂ ಹೋಲಿಸಿ ಬರೆದುಕೊಡು ಎಂದು ಸುಬ್ಬರಾಯರು ನನಗೆ ಹೇಳಿದ್ದರು. ನಾನು ಹಾಳೆಗೆ ನಡುವೆ ಗೆರೆ ಎಳೆದೆ. ಒಂದು ಕಡೆ ಕಲರ್ ಕಾರ್ಡು: ಅಡ್ಡಕ್ಕೆ ಮುನ್ನೂರಿಪ್ಪತ್ತು ಚುಕ್ಕಿ, ಉದ್ದಕ್ಕೆ ಇನ್ನೂರು, ನಾಲ್ಕು ಬಣ್ಣ, ಹದಿನಾರು ಕೆ.ಬಿ. ಮೆಮೊರಿ. ಬಣ್ಣ ಎರಡೇ ಸಾಕೆಂದರೆ ಅಡ್ಡಕ್ಕೆ ಆರುನೂರ ನಲವತ್ತು ಸಿಗುತ್ತದೆ. ಉದ್ದಕ್ಕೆ ಮಾತ್ರ ಅದೇ ಇನ್ನೂರು. ಇನ್ನೊಂದು ಕಡೆ ಒಂದೇ ಬಣ್ಣದ ಕಾರ್ಡು: ಅಡ್ಡಕ್ಕೆ ಏಳುನೂರಿಪ್ಪತ್ತು, ಉದ್ದಕ್ಕೆ ಮುನ್ನೂರ ನಲವತ್ತೆಂಟು, ಅರವತ್ತನಾಲ್ಕು ಕೆ.ಬಿ. ನೀವು ಅದನ್ನು ಓದಿ ಬೆರಳಲ್ಲೇ ಲೆಕ್ಕ ಹಾಕಿದಿರಿ. "ಪರದೆ ಮೇಲೆ ಇಪ್ಪತ್ತೈದು ಸಾಲು ಅಂತೀಯ. ಹಂಗಾದ್ರೆ ಈ ಕಲರಲ್ಲಿ ಒಂದು ಸಾಲಿಗೆ ಎಂಟೇ ಚುಕ್ಕಿ, ಅದ್ರಲ್ಲಿ ಹದಿನಾಲ್ಕು ಸುಮಾರು. ಎಂಟು ಚುಕ್ಕೀಲಿ ತಲೆಕಟ್ಟು, ಅಕ್ಷರ, ಕೆಳಗೊಂದು ಒತ್ತು, ಎಲ್ಲ ಹೆಂಗೆ ಹಿಡ್ಸ್ತೀಯ ತಂಗಿ? ಇಂಗ್ಲೀಷಿಗೆ ಸರಿ. ನಮ್ಮ ಅಕ್ಷರಕ್ಕೆ ಕಾಲು ಚಾಚಕ್ಕೆ ಜಾಗ ಬೇಕು."

ಆಮೇಲೆ 'ಸ್ವಾತಂತ್ರ್ಯ' ಎಂದು ಟೈಪು ಮಾಡಿಸಿದಿರಿ. ಕಲರ್ ಪರದೆಯಲ್ಲಿ ಕೊನೆಯ ಅಕ್ಷರ ಮುದ್ದೆಯಾಗಿ ಕೂತಿತು. ೬ ಮತ್ತು ೯ ಪಕ್ಕಪಕ್ಕ ಹಾಕಿಸಿ ಭೂತಗನ್ನಡಿ ಹಿಡಿದು ನೋಡಿ, "ಇದ್ರಲ್ಲಿ ಯಾವುದು ಆರು, ಯಾವುದು ಒಂಬತ್ತು ಅಂತ ದೇವ್ರೇ ಹೇಳ್ಬೇಕು. ಇದನ್ನ ಹಾಳೇಲಿ ಬರಿ" ಎಂದಿರಿ. ಬರೆದೆ.

ಮಾರನೆಯ ದಿನ ಸುಬ್ಬರಾಯರು ನನ್ನನ್ನು ಒಳಗೆ ಕರೆದರು. "ಬಂದೋರಿಗೆ ಬಣ್ಣ ಕಂಡ್ರೆ ಪ್ರೆಸ್ಸಿಗೊಂದು ಹೆಸ್ರು. ಕಲರ್ ಆಗ್ಬಹುದು ಅಂತ ನೀನು ಬರೆದ್ರೆ ಕಂಪ್ಯೂಟರ್ ವಿಭಾಗ ಪೂರ್ತಿ ನಿಂಗೇ" ಎಂದರು. ಅವರು ಗದರಿಸಲಿಲ್ಲ, ಮಾಸ್ತಪ್ಪಣ್ಣ. ಗದರಿಸಿದ್ದರೆ ಹೇಳಿಕೊಳ್ಳಲು ನನಗೊಂದು ನೆಪವಾದರೂ ಇರುತ್ತಿತ್ತು. ನಾನೇ ಹೊರಗೆ ಬಂದು ಹೊಸ ಹಾಳೆ ತೆಗೆದುಕೊಂಡೆ. ನೀವು ಮಾಡಿಸಿದ ಪರೀಕ್ಷೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಚೆಂದದ ಅಕ್ಷರದಲ್ಲಿ ನಕಲು ಮಾಡಿಕೊಟ್ಟೆ.

ಅರಳಸುರಳಿಯ ಚಂದ್ರಯ್ಯನವರು ತೀರಿಕೊಂಡು ಉತ್ತರಕ್ರಿಯೆಯ ಪತ್ರ ಅಚ್ಚಿಗೆ ಬಂದಾಗ ಕಲರ್ ಪರದೆ ಬಂದು ಎರಡು ತಿಂಗಳಾಗಿತ್ತು. ಹಾಳೆ ದಂಡ ಮಾಡಬೇಡಿ, ಪರದೆಯ ಮೇಲೇ ತಿದ್ದಿ ಎಂದು ಅಪ್ಪಣೆಯಾಗಿತ್ತು. ಆ ಮನೆಯವರು ವಾರ ಬರೆಯದೆ ತಾರೀಕು ಮಾತ್ರ ಕೊಟ್ಟಿದ್ದರು, ೧೬. ನಾನು ಅವಸರದಲ್ಲಿ ೧೯ ಎಂದು ಓದಿ ಹಾಗೇ ಒತ್ತಿದೆ. ನೀವು ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಒಂದು ಹಾಳೆ ಅಚ್ಚು ತೆಗೆದುಕೊಡು ತಂಗಿ, ಇದು ಸರಿ ಕಾಣಲ್ಲ" ಎಂದಿರಿ. "ಟೈಮಿಲ್ಲ ಮಾಸ್ತಪ್ಪಣ್ಣ, ಸರಿಯಾಗೇ ಇದೆ" ಎಂದೆ ನಾನು. ನನ್ನ ಮಾತು ನಂಬಿ ನೀವು, ತಿದ್ದಿದ್ದಾಯಿತೆಂದು ಪುಸ್ತಕದಲ್ಲಿ ಸಹಿ ಹಾಕಿದಿರಿ.

ಹದಿನಾರನೇ ತಾರೀಕು ಆ ಮನೆಯಲ್ಲಿ ಮುನ್ನೂರು ಜನಕ್ಕೆ ಅಡುಗೆಯಾಗಿತ್ತಂತೆ. ಕೇರಿಯ ಹತ್ತಿಪ್ಪತ್ತು ಮಂದಿ ಬಿಟ್ಟರೆ ಯಾರೂ ಬರಲಿಲ್ಲ. ಹಾಕಿದ ಬಾಳೆಲೆ ಹಾಕಿದಂತೆಯೇ ಬಾಡಿದವು. ಹತ್ತೊಂಬತ್ತಕ್ಕೆ ಸತ್ತವರ ತಂಗಿ ನೆಂಟರ ಜೊತೆ ಬಂದು, ಎಲ್ಲ ಮುಗಿದದ್ದು ಕೇಳಿ ಅಂಗಳದಲ್ಲೇ ಕುಸಿದು ಕೂತರಂತೆ. ಸುದ್ದಿ ಪ್ರೆಸ್ಸಿಗೆ ಬಂದ ದಿನ ಸುಬ್ಬರಾಯರು ಎಲ್ಲರ ಮುಂದೆ, "ನಿಂಗೆ ಕಣ್ಣು ಹೋಯ್ತು ಮಾಸ್ತಪ್ಪ, ಇನ್ನು ಮನೇಲಿರು" ಎಂದರು. ಆಗ ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ. ಅತಿ ಸಣ್ಣ ಮೊಳೆಯನ್ನೂ ಬೆಳಕಿಗೆ ಹಿಡಿಯದೆ ಓದುತ್ತಿದ್ದಿರಿ. ನೀವು ಒಂದು ಸಲ ನನ್ನ ಕಡೆ ನೋಡಿದಿರಿ. ನಾನು ಕೀಲಿಮಣೆ ನೋಡಿದೆ. ನೀವು ಅಂಗಿಯ ತೋಳು ಇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿರಿ.

ಹೋದ ತಿಂಗಳು ಹೊಸ ಕಾರ್ಡು ಬಂತು. ಉದ್ದಕ್ಕೆ ಮುನ್ನೂರ ಐವತ್ತು ಚುಕ್ಕಿ, ಹದಿನಾರು ಬಣ್ಣ. ಯಾರೂ ಹೇಳದೆ ನಾನು ೬, ೯ ಪಕ್ಕಪಕ್ಕ ಹಾಕಿ ನೋಡಿದೆ. ಬಾಗಿಲ ಹತ್ತಿರ ನಿಂತರೂ ಬೇರೆಬೇರೆ ಕಾಣುತ್ತಿದ್ದವು. ಅವತ್ತೇ ಸುಬ್ಬರಾಯರಿಗೆ ಎಲ್ಲ ಹೇಳಿದೆ. "ಹಳೇ ಕತೆ, ಬಿಡು" ಎಂದು ಕಾಗದ ನೋಡತೊಡಗಿದರು.

ಭಾನುವಾರ ತೀರ್ಥಹಳ್ಳಿ ಬಸ್ಸು ಹತ್ತಿ ಅರಳಸುರಳಿಗೆ ಹೋದೆ. ಚಂದ್ರಯ್ಯನವರ ಹೆಂಡತಿ ಶೇಷಮ್ಮ ಜಗಲಿಯಲ್ಲಿದ್ದರು. ಪ್ರೆಸ್ಸಿನವಳು ಎಂದ ಕೂಡಲೆ ಅವರೇ ಹೇಳಿದರು: "ನಿಮ್ಮಲ್ಲಿ ಮಾಸ್ತಪ್ಪ ಅಂತ ಇದ್ರಲ್ಲ, ಆವಾಗ್ಲೇ ಬಂದಿದ್ರು. 'ತಪ್ಪು ನಂದೇ ತಾಯಿ, ಹುಡುಗಿ ಹೊಸಬ್ಳು, ಅವಳ ಹೆಸ್ರು ಎಲ್ಲೂ ಎತ್ಬೇಡಿ' ಅಂದ್ರು. ಸಿಟ್ಟಲ್ಲಿ ನಾವು ಕೂತ್ಕಳಿ ಅನ್ಲಿಲ್ಲ. ಒಂದು ಲೋಟ ನೀರೂ ಕೊಡ್ಲಿಲ್ಲ. ಬಿಸ್ಲಲ್ಲೇ ವಾಪಸ್ ಹೋದ್ರು."

ನಿಮಗೆ ಗೊತ್ತಿತ್ತು. ಆ ಅಂಗಳದಲ್ಲಿ ನಿಂತು ನನ್ನನ್ನು ಕಾಪಾಡಿದಿರಿ. ಆ ಹುಡುಗಿ ನಾನೇ ಎಂದೆ. ಶೇಷಮ್ಮ ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಒಂದೇ: "ಇದನ್ನ ಅವ್ರಿಗೆ ಹೇಳಿದ್ಯಾ?" ಇಲ್ಲ ಎಂದೆ. "ಮತ್ತೆ ಇಲ್ಲಿಗ್ಯಾಕೆ ಮೊದ್ಲು ಬಂದೆ?"

ಮುಂದಿನ ಭಾನುವಾರ ನೀವಿರುವ ಊರು ನಗರಕ್ಕೆ ಬಂದೆ. ನೀವು ಮಗಳು ಪುಷ್ಪಮ್ಮನ ಮನೆಯಲ್ಲಿದ್ದೀರೆಂದು ತಿಳಿದಿತ್ತು. ಎರಡೂ ಕಣ್ಣಿಗೆ ಪೊರೆ ಬಂದದ್ದು ತಿಳಿದಿರಲಿಲ್ಲ. ಬೇಲಿಯ ದಣಪೆ ಸರಿಸದೆ ಹೊರಗೇ ನಿಂತಿದ್ದೆ. ನೀವು ಗೋಡೆ ಸವರಿಕೊಂಡು ಬಾಗಿಲಿಗೆ ಬಂದು, ನಾನಿದ್ದ ಕಡೆಗೇ ಮುಖ ಮಾಡಿ, "ಯಾರು? ಒಳಗೆ ಬನ್ನಿ" ಎಂದಿರಿ. ನಾನು ತಿರುಗಿ ಬಸ್ಸು ಹತ್ತಿದೆ. ಅವತ್ತು ನಿಮ್ಮ ಬಾಗಿಲಿಗೆ ಬಂದು ಮಾತಾಡದೆ ಹೋದವಳು ನಾನೇ.

ಕ್ಷಮಿಸಿ ಎಂದು ಬರೆದರೆ ಅದೂ ನಿಮ್ಮ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಅದಕ್ಕೆ ಬರೆಯುವುದಿಲ್ಲ.

ಪುಷ್ಪಕ್ಕಾ, ಇದನ್ನು ಓದಿ ಹೇಳುತ್ತಿರುವವರು ನೀವೇ ಇರಬೇಕು. ನಡುವೆ ಎಲ್ಲೂ ಬಿಡದೆ ಓದಿ. ಅಪ್ಪ ಏನಾದರೂ ಹೇಳಿದರೆ ಹೇಳಿದ ಹಾಗೇ ಬರೆದು ಕಳಿಸಿ. ಏನೂ ಹೇಳದಿದ್ದರೆ, ಏನೂ ಹೇಳಲಿಲ್ಲ ಎಂದೇ ಬರೆಯಿರಿ.

ನಿಮ್ಮ ಕಣ್ಣಿಗೆ ದೇವರು ಮತ್ತೆ ಬೆಳಕು ಕೊಡಲಿ ಎಂದು ಬೇಡುವ,
ಸರೋಜ