ಹೊರಗಿನಿಂದ ಹಾಕಿದ ಬಾಗಿಲು ಮತ್ತು ತಮ್ಮ ಶೇಕಡ ಹತ್ತು

ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ನಾನು ಒಂದು ಸುಳ್ಳು ಬರೆದು ಡಾಕ್ಟರೇಟ್ ಪಡೆದಿದ್ದೇನೆ. ಇದೇ ನನ್ನ ದೂರು. ಇದನ್ನು ತಮ್ಮ ಕಚೇರಿಗೆ ಎರಡು ಬಾರಿ ಬರೆದು ತಿಳಿಸಿದೆ, ಗೋಡೆಗೆ ಹೇಳಿದ ಹಾಗಾಯಿತು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ, ತಮ್ಮ ಕಚೇರಿಯ ಗೋಡೆಗೆ ಅದೂ ಇದ್ದಂತಿಲ್ಲ. ಆದ್ದರಿಂದ ಈ ಸಲ ನಾಲ್ಕು ಜನ ಕೇಳಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿಯಮ ಏನೆಂದು ಆ ನಾಲ್ಕು ಜನಕ್ಕೂ ತಿಳಿಯಬೇಕಲ್ಲ. ಪ್ರಬಂಧ ಸಲ್ಲಿಸುವ ಮುಂಚೆ ಅದನ್ನು ಯಂತ್ರಕ್ಕೆ ಕೊಡಬೇಕು. ಬೇರೆ ಎಲ್ಲಾದರೂ ಈಗಾಗಲೇ ಇರುವ ವಾಕ್ಯ ಸಿಕ್ಕರೆ ಯಂತ್ರ ಅದಕ್ಕೆ ಕೆಂಪು ಬಳಿಯುತ್ತದೆ. ಕೆಂಪು ಶೇಕಡ ಹತ್ತನ್ನು ದಾಟಿದರೆ ಅದು ಕೃತಿಚೌರ್ಯ, ಪ್ರಬಂಧ ವಾಪಸ್. ಕದ್ದು ಬರೆಯುವವರು ಹೆಚ್ಚಾಗಿದ್ದಾರೆ, ಅವರನ್ನು ಹಿಡಿಯಬೇಕು, ಒಪ್ಪಿದೆ. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಗುಂಡಿಯೊಂದು ಅದೇ ಯಂತ್ರದಲ್ಲಿದೆ. ತಾವು ಅದನ್ನು ಬಂದ್ ಮಾಡಿಟ್ಟಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ ಅಲ್ಲವೇ?

ನಮ್ಮ ಕಟ್ಟಡದ ಲಿಫ್ಟಿನ ಪಕ್ಕ ತಾವು ದೊಡ್ಡದೊಂದು ಫಲಕ ಹಾಕಿಸಿದ್ದೀರಿ. ಕಾನೂನು, ಇತಿಹಾಸ, ವಿಜ್ಞಾನ, ಎಲ್ಲ ಬಗೆಯ ಸಂಶೋಧನೆಗೂ ಒಂದೇ ಸೂರು, ವೈವಿಧ್ಯವೇ ನಮ್ಮ ಹೆಮ್ಮೆ ಎಂದು ಅದರಲ್ಲಿದೆ. ಸೂರಿನ ಮಟ್ಟಿಗೆ ಅದು ನಿಜ. ಜಾಗ ಸಾಲದೆ ನಮ್ಮನ್ನೆಲ್ಲ ಒಂದೇ ಕೋಣೆಗೆ ತುಂಬಿದ್ದರು. ಕಿಟಕಿಯ ಹತ್ತಿರ ಕಾನೂನಿನವನು. ಚಹಾ ಬೇಕಾ ಎಂದು ಕೇಳಿದರೂ ಹತ್ತು ಪ್ರಶ್ನೆ ಹಾಕುತ್ತಿದ್ದುದರಿಂದ ಅವನಿಗೆ ಪಾಟೀಸವಾಲು ಎಂದು ಹೆಸರಿಟ್ಟಿದ್ದೆವು. ಬಾಗಿಲ ಹತ್ತಿರ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತಿದ್ದ ಬೂಷ್ಟಕ್ಕ. ಆಕೆ ತನ್ನ ಡಬ್ಬಿ ತೆರೆದರೆ ಅದು ಊಟವೋ ಪ್ರಯೋಗವೋ ಎಂದು ಕೇಳಿಯೇ ನಾವು ಕೈ ಹಾಕುತ್ತಿದ್ದೆವು. ನಡುವೆ, ಫ್ಯಾನಿಲ್ಲದ ಜಾಗದಲ್ಲಿ, ಇತಿಹಾಸದವಳಾದ ನಾನು.

ಮೂವರ ಕೆಲಸ ಮೂರು ತೆರ. ಕಾನೂನಿನವನು ಕಲಮನ್ನು ಒಂದಕ್ಷರ ಅತ್ತಿತ್ತ ಮಾಡುವ ಹಾಗಿಲ್ಲ, ಆ ಒಂದಕ್ಷರದ ಮೇಲೆ ಯಾರದೋ ಮನೆ ಉಳಿಯುತ್ತದೆ ಅಥವಾ ಹೋಗುತ್ತದೆ. ವಿಜ್ಞಾನದವಳು ತಾನು ಮಾಡಿದ್ದನ್ನು ಇನ್ನೊಬ್ಬರು ಅದೇ ರೀತಿ ಮಾಡಿ ನೋಡುವಂತೆ ಬರೆಯಬೇಕು. ಇತಿಹಾಸದವಳು ಸಾಕ್ಷಿಯ ಬಾಯಿಂದ ಬಂದ ಮಾತನ್ನು ಬಂದ ಹಾಗೇ ದಾಟಿಸಬೇಕು. ತಾವು ಮೂವರಿಗೂ ಒಂದೇ ಅಳತೆಯ ಚಪ್ಪಲಿ ಹೊಲಿಸಿದಿರಿ. ಕಾಲು ಹಿಡಿಸದಿದ್ದರೆ ಕಾಲನ್ನೇ ಕತ್ತರಿಸಿಕೊಳ್ಳಿ ಅಂದಿರಿ.

ಪಾಟೀಸವಾಲು ಕತ್ತರಿಸಿಕೊಂಡ. ಬಾಡಿಗೆದಾರರ ಕಾನೂನು ಅವನ ವಿಷಯ. ‘ಮಾಲೀಕನು ಲಿಖಿತ ನೋಟಿಸು ನೀಡತಕ್ಕದ್ದು’ ಎಂಬ ಕಲಮು ಕೆಂಪಾಗಿ ಬಂತು. ಕಾನೂನು ಎಲ್ಲ ಕಡೆ ಒಂದೇ ಥರ ಇರುತ್ತದೆ, ಇನ್ನೇನಾದೀತು? ‘ಮನೆಯ ಒಡೆಯರು ಬರಹದಲ್ಲಿ ತಿಳಿಸುವುದು ವಾಡಿಕೆ’ ಎಂದು ತಿದ್ದಿದ, ಹಸಿರಾಯಿತು. ‘ಮೇಲ್ಮನವಿ ವಜಾ’ ಅನ್ನುವುದನ್ನು ‘ಮೇಲಿನವರಿಗೆ ಮನಸ್ಸಾಗಲಿಲ್ಲ’ ಎಂದು ಮಾಡಿದ. ಶಾಸನಸಭೆಯ ಖರ್ಚೇ ಉಳಿಯಿತು ಎಂದು ನಾವು ನಕ್ಕೆವು. ಬೂಷ್ಟಕ್ಕ ‘ಕುದಿಸಿ ಆರಿಸಿದ ನೀರು’ ಅನ್ನುವುದನ್ನು ‘ಬಿಸಿಯಾಗಿ ತಣ್ಣಗಾದ ನೀರು’ ಮಾಡಿದಳು. ಮೊನ್ನೆ ಸಿಕ್ಕಾಗ ಹೇಳಿದಳು, “ಯಾರೋ ನನ್ನ ಪ್ರಬಂಧ ನೋಡ್ಕೊಂಡು ಪ್ರಯೋಗ ಮಾಡಿದ್ರಂತೆ ಕಣೆ. ತಟ್ಟೆ ತುಂಬ ಏನೇನೋ ಬೆಳೀತಂತೆ. ನೀರು ಕುದಿಸ್ಬೇಕು ಅಂತ ಎಲ್ಲಿ ಬರ್ದಿದೀರ ಮೇಡಂ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?” ಈ ಸಲ ನಮಗೆ ನಗು ಬರಲಿಲ್ಲ.

ಇನ್ನು ನನ್ನ ಕಥೆ. ಬಹಳ ವರ್ಷಗಳ ಹಿಂದೆ ಒಂದು ಗುಂಡಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಂಗಿಯ ಗುಂಡಿಗಳನ್ನು ಆರಿಸಿ ರಟ್ಟಿಗೆ ಹೊಲಿಯುವ ಹುಡುಗಿಯರು ಒಳಗಿದ್ದರು. ನನ್ನ ದೊಡ್ಡಮ್ಮ ಅವರಲ್ಲೊಬ್ಬಳು. ಗಾಳಿಕಿಂಡಿಯಿಂದ ಹಾರಿ ಕಾಲು ಮುರಿದುಕೊಂಡು ಬದುಕಿದಳು. ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಅವಳ ಗೆಳತಿ ಬದುಕಲಿಲ್ಲ. ವಿಚಾರಣೆ ನಡೆದಾಗ ದೊಡ್ಡಮ್ಮ ಹೇಳಿಕೆ ಕೊಟ್ಟಳು: “ಬಾಗಿಲು ಹೊರಗಿಂದ ಹಾಕಿದ್ರು. ನಾನು ತಟ್ಟಿದೆ. ಹೊರಗೆ ಯಾರೋ ಇದ್ರು, ಕೆಮ್ಮಿದ್ದು ಕೇಳಿಸ್ತು.” ಬರೆದುಕೊಳ್ಳುವವನು ಪುಣ್ಯಾತ್ಮ, ಇದ್ದ ಹಾಗೇ ಬರೆದುಕೊಂಡ. ಆದರೆ ಅಂತಿಮ ವರದಿಯನ್ನು ಕೆಲಸಗಾರರ ಮುಂದೆ ಗಟ್ಟಿಯಾಗಿ ಓದಿದಾಗ ಅದರಲ್ಲಿ ಇದ್ದದ್ದು ಇಷ್ಟೇ: ‘ಬಾಗಿಲು ತೆರೆದುಕೊಳ್ಳಲಿಲ್ಲ.’ ಹಾಕಿದವರಿಲ್ಲ, ಕೆಮ್ಮಿದವರಿಲ್ಲ. ಬಾಗಿಲೇ ಹಟ ಮಾಡಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಹೇಳಿಕೆಗೂ ವರದಿಗೂ ನಡುವೆ ಸತ್ಯ ಎಲ್ಲಿ ಕಳೆದುಹೋಯಿತು ಎಂಬುದೇ ನನ್ನ ಪ್ರಬಂಧ. ದೊಡ್ಡಮ್ಮನಿಗೆ ಇದು ತಿಳಿದಾಗ ಅವಳು ಕೇಳಿದ್ದು ಒಂದೇ ಮಾತು: “ನಾನು ಹೇಳಿದ ಹಾಗೇ ಬರತ್ತಾ ಪುಟ್ಟಿ?” ಬರುತ್ತದೆ ಎಂದು ಕೈಮೇಲೆ ಕೈಯಿಟ್ಟು ಹೇಳಿದ್ದೆ.

ದಾಖಲೆ ಕಚೇರಿಯವರು ಆ ಹೇಳಿಕೆಗಳನ್ನು ಅಂತರ್ಜಾಲಕ್ಕೆ ಹಾಕಿದ್ದರು. ವರದಿಯನ್ನು ಹಾಕಿರಲಿಲ್ಲ. ಹಾಗಾಗಿ ಹೇಳಿಕೆಗಳ ಅಧ್ಯಾಯವಿಡೀ ಕೆಂಪಾಗಿ ಬಂತು. ನನ್ನ ಮಾರ್ಗದರ್ಶಕರೊಂದಿಗೆ ತಮ್ಮ ಕೋಣೆಗೆ ಬಂದೆ. ಇವು ನನ್ನ ಮಾತಲ್ಲ, ಸಾಕ್ಷಿಗಳ ಮಾತು, ಆ ಗುಂಡಿಯೊಂದನ್ನು ಒತ್ತಿದರೆ ಸಾಕು ಎಂದು ಬೇಡಿಕೊಂಡೆವು. ತಾವು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಅಭ್ಯಾಸ ಇನ್ನೂ ಬಿಟ್ಟಿಲ್ಲ: “ನೋಡಿ ಮೇಡಂ, ಇತಿಹಾಸದವರಿಗೆ ಬಿಟ್ರೆ ಕಾನೂನಿನವರು ಬರ್ತಾರೆ. ಅವರ ಹಿಂದೆ ವಿಜ್ಞಾನದವರು. ನನಗೆ ಎಲ್ಲರೂ ಒಂದೇ. ಅಷ್ಟು ಓದಿದೀರಿ, ಒಂದು ವಾಕ್ಯ ತಿರುಗಿಸಿ ಬರೆಯೋಕೆ ಬರಲ್ವಾ?” ಮಾರ್ಗದರ್ಶಕರು ಬಾಯಿ ತೆರೆದರು. ತಾವು ಫೋನ್ ಎತ್ತಿಕೊಂಡಿರಿ.

ಬರುತ್ತದೆ ಸ್ವಾಮಿ, ಬಂತು. ಸಲ್ಲಿಸುವ ಗಡುವು ಕತ್ತಿನ ಮೇಲೆ ಕೂತಿತ್ತು. ಬದುಕುಳಿದವರ ಮಾತುಗಳನ್ನೆಲ್ಲ ಸಾಲಾಗಿ ಕೂರಿಸಿ ತಿರುಚಿದೆ. ದೊಡ್ಡಮ್ಮನ ಮಾತು ಬಹಳ ಸತಾಯಿಸಿತು. ‘ಹೊರಗಿಂದ’ ಇದ್ದಷ್ಟು ಹೊತ್ತೂ ಕೆಂಪು. ಅದನ್ನು ತೆಗೆದೆ. ಕೆಮ್ಮು ಕೆಂಪು, ಅದನ್ನೂ ತೆಗೆದೆ. ಸವೆಸಿ ಸವೆಸಿ ಕೊನೆಗೆ ಹಸಿರು ಬಂದಾಗ ದೇವರು ಕಂಡಷ್ಟು ಸಂತೋಷವಾಯಿತು. ಏನು ಉಳಿಯಿತೆಂದು ನೋಡಲೂ ಇಲ್ಲ, ಮುಂದಿನ ಹೇಳಿಕೆಗೆ ಹೋದೆ. ಶೇಕಡ ಒಂಬತ್ತು ಬಂತು. ಪರೀಕ್ಷಕರು ‘ಸ್ವಂತಿಕೆಯುಳ್ಳ ಬರವಣಿಗೆ’ ಎಂದು ಮೆಚ್ಚಿದರು.

ರಟ್ಟು ಹಾಕಿಸಿದ ಪ್ರತಿಯನ್ನು ದೊಡ್ಡಮ್ಮನ ಮನೆಗೆ ಒಯ್ದೆ. ಅವಳಿಗೆ ಈಗ ಕಣ್ಣು ಮಂಜು. ರಟ್ಟಿನ ಮೇಲಿದ್ದ ನನ್ನ ಹೆಸರಿನ ಮೇಲೆ ಬೆರಳಾಡಿಸಿ, “ನಂದು ಎಲ್ಲಿದೆ, ಓದು” ಅಂದಳು. ಹುಡುಕಿ ಓದಿದೆ: ‘ಬಾಗಿಲು ತೆರೆದುಕೊಳ್ಳಲಿಲ್ಲ.’ ಓದುವಾಗಲೂ ನನಗೆ ಹೊಳೆಯಲಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಯಾವ ವಾಕ್ಯವನ್ನು ಪುಟಗಟ್ಟಲೆ ಬೈದಿದ್ದೆನೋ ಅದೇ ವಾಕ್ಯ ಎರಡನೆಯ ಅಧ್ಯಾಯದಲ್ಲಿ ನನ್ನದಾಗಿ ಕೂತಿತ್ತು. ಅವಳಿಗೆ ಹೊಳೆಯಿತು.

“ಇದು ಅವರದಲ್ವಾ?” ಅಂದಳು. “ಅವತ್ತು ನಮ್ಮನ್ನೆಲ್ಲ ನಿಲ್ಲಿಸ್ಕೊಂಡು ಓದಿದ್ರಲ್ಲ, ಅದೇ ಇದು. ನಂದು ಓದು.”

ಪುಟ ತಿರುವಿದಂತೆ ಮಾಡಿದೆ. ಓದಲು ಏನೂ ಇರಲಿಲ್ಲ. ಅವಳು, “ಹೋಗ್ಲಿ ಬಿಡು, ನಿನಗೆ ಪಾಸ್ ಆಯ್ತಲ್ಲ” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಮಾಧಾನ ಹೇಳಿದಳು, ಅದನ್ನು ಮಾತ್ರ ಇವತ್ತಿಗೂ ನುಂಗಲಾಗುತ್ತಿಲ್ಲ.

ಗಮನಿಸಿದಿರಾ ಮಾನ್ಯರೇ? ಇಡೀ ಪ್ರಬಂಧದಲ್ಲಿ ನಿಜವಾಗಿ ನಕಲಾದ ವಾಕ್ಯ ಅದೊಂದೇ, ವರದಿ ಅಂತರ್ಜಾಲದಲ್ಲಿ ಇಲ್ಲದ್ದರಿಂದ ಅದಕ್ಕೇ ತಮ್ಮ ಯಂತ್ರ ಹಸಿರು ಬಾವುಟ ಬೀಸಿತು. ಇಷ್ಟನ್ನೂ ಬರೆದು ತಿಳಿಸಿದ್ದಕ್ಕೆ ತಮ್ಮಿಂದ ಉತ್ತರ ಬಂತು: ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು.’ ಪಾಟೀಸವಾಲಿಗೂ ಅದೇ ಬಂದಿತ್ತು, ಬೂಷ್ಟಕ್ಕನಿಗೂ ಅದೇ. ನನ್ನ ಎರಡನೆಯ ಪತ್ರಕ್ಕೂ ಅದೇ. ಪಾಟೀಸವಾಲು ಅದನ್ನು ಯಂತ್ರಕ್ಕೆ ಹಾಕಿ ನೋಡಿದ. ಶೇಕಡ ನೂರು, ಅಚ್ಚ ಕೆಂಪು.

ನನ್ನ ಬೇಡಿಕೆ ಸಣ್ಣದು. ಆ ಪ್ರಬಂಧವನ್ನು ಗ್ರಂಥಾಲಯದಿಂದ ತೆಗೆಸಿ, ನನ್ನ ಪದವಿಯನ್ನು ವಾಪಸ್ ಪಡೆಯಿರಿ. ಬದಲಿಗೆ ದೊಡ್ಡಮ್ಮನ ಮೂರು ವಾಕ್ಯಗಳನ್ನು ಕೆಂಪಾಗಿಯೇ ಇರಲು ಬಿಡಿ. ತಾವು ಇದನ್ನು ಮಾಡುವುದಿಲ್ಲ ಎಂದು ಗೊತ್ತಿದೆ, ಯಾವ ಉತ್ತರ ಬರುತ್ತದೆ ಎಂಬುದೂ ಬಾಯಿಪಾಠವಾಗಿದೆ. ದೊಡ್ಡಮ್ಮನಿಗೆ ಅಷ್ಟೆಲ್ಲ ಕಾಯುವ ಪುರುಸೊತ್ತೂ ಇಲ್ಲ. ಆದ್ದರಿಂದ ಇಲ್ಲಾದರೂ ಅವು ಇನ್ನೊಮ್ಮೆ ಇರಲಿ, ನಾಳೆ ಪತ್ರಿಕೆ ಹಿಡಿದು ಅವಳಿಗೆ ಓದಿ ಹೇಳುತ್ತೇನೆ: “ಬಾಗಿಲು ಹೊರಗಿಂದ ಹಾಕಿದ್ರು. ನಾನು ತಟ್ಟಿದೆ. ಹೊರಗೆ ಯಾರೋ ಇದ್ರು, ಕೆಮ್ಮಿದ್ದು ಕೇಳಿಸ್ತು.”

ಇಂತಿ,
ತಮ್ಮ ಯಂತ್ರದ ಪ್ರಕಾರ ಯಾರ ಮಾತನ್ನೂ ಕದಿಯದವಳು